ಬಿಸಿಲು ಬೀಳುವ ಮೇಜು

ಸಂಶೋಧನಾ ಸಂಸ್ಥೆಯ ಎರಡನೇ ಮಹಡಿಯ ಮೂಲೆ ಕೋಣೆಯಲ್ಲಿ ಕೆಲಸ ಮಾಡುವ ಆ ವಿಜ್ಞಾನಿಗೆ ಅಪ್ಪ ಅಮ್ಮ ಇಟ್ಟ ಒಳ್ಳೆಯ ಹೆಸರೊಂದಿತ್ತು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದಕ್ಕೆ ಬೇರೆಲ್ಲೂ ಕೆಲಸವಿರಲಿಲ್ಲ. ನಿರ್ದೇಶಕರಿಂದ ಹಿಡಿದು ಗಾಜಿನ ಸಾಮಾನು ತೊಳೆಯುವವರ ತನಕ ಎಲ್ಲರ ಬಾಯಲ್ಲೂ ಅವರು ತಡೀರಿ ಮೇಡಂ. ಯಾವ ವಿದ್ಯಾರ್ಥಿನಿಯಾದರೂ ಏದುಸಿರು ಬಿಡುತ್ತ ಬಂದು "ಮೇಡಂ, ಸಿಕ್ತು" ಎಂದರೆ ಅವರು ಆಡುತ್ತಿದ್ದ ಮೊದಲ ಮಾತು "ತಡೀರಿ". ಒಂದು ಸಲ ಬಂದ ಫಲಿತಾಂಶ ದಾರಿಹೋಕ, ಎರಡನೇ ಸಲ ಬಂದರೆ ನೆಂಟ, ಮೂರನೇ ಸಲವೂ ಬಂದರೆ ಮಾತ್ರ ಮನೆಯವನು ಎಂಬುದು ಅವರ ನೇಮ. ಒಮ್ಮೆ ಬೆಂಕಿಯ ಗಂಟೆ ಹೊಡೆದಾಗಲೂ "ತಡೀರಿ, ಇನ್ನೊಂದ್ಸಲ ಹೊಡೀಲಿ" ಎಂದು ಕೂತೇ ಇದ್ದರೆಂದು ಪಕ್ಕದ ಕೋಣೆಯವರು ಹೇಳಿಕೊಂಡು ನಗುತ್ತಿದ್ದರು. ಕಥೆ ಸುಳ್ಳಲ್ಲ. ಆದರೆ ಅವತ್ತು ಬೆಂಕಿಯೂ ಬಿದ್ದಿರಲಿಲ್ಲ ಎನ್ನುವುದನ್ನು ಯಾರೂ ಸೇರಿಸುತ್ತಿರಲಿಲ್ಲ.

ಮೇಡಂ ಕೆಲಸ ಕ್ಯಾನ್ಸರ್ ಜೀವಕೋಶಗಳ ಜೊತೆ. ಚಪ್ಪಟೆ ಸೀಸೆಗಳಲ್ಲಿ ಗುಲಾಬಿ ಬಣ್ಣದ ಪೋಷಕ ನೀರು ತುಂಬಿ, ಬೆಚ್ಚನೆ ಪೆಟ್ಟಿಗೆಯಲ್ಲಿಟ್ಟು, ಜೀವಕೋಶಗಳನ್ನು ಸಾಕುವುದು. ಚೆನ್ನಾಗಿ ಬೆಳೆದ ಮೇಲೆ ಔಷಧ ಹಾಕಿ, ಯಾವುದು ಸಾಯುತ್ತದೆ, ಯಾವುದು ಮೊಂಡು ಹಿಡಿಯುತ್ತದೆ ಎಂದು ನೋಡುವುದು. ಕೊಲ್ಲಲಿಕ್ಕೆಂದೇ ಸಾಕುವ ಈ ಮಕ್ಕಳು ಮಹಾ ಹಟಮಾರಿಗಳು. ಭಾನುವಾರ, ರಜೆ, ಮನೆಯಲ್ಲಿ ಜ್ವರ ಎಂಬ ಯಾವ ನೆವವನ್ನೂ ಕೇಳುವುದಿಲ್ಲ. ಹೊತ್ತಿಗೆ ನೀರು ಬದಲಿಸದಿದ್ದರೆ ಔಷಧವೇ ಇಲ್ಲದೆ ಸತ್ತು ಸೇಡು ತೀರಿಸಿಕೊಳ್ಳುತ್ತವೆ. ಮೇಡಂ ಇಪ್ಪತ್ತೆರಡು ವರ್ಷದಿಂದ ಇವುಗಳ ಚಾಕರಿ ಮಾಡುತ್ತಿದ್ದರು, ಮತ್ತು ನಿಜ ಹೇಳಬೇಕೆಂದರೆ ಅವರಿಗೆ ಅದಕ್ಕಿಂತ ಇಷ್ಟವಾದದ್ದು ಭೂಮಿಯ ಮೇಲೆ ಇನ್ನೊಂದಿರಲಿಲ್ಲ.

ಇಷ್ಟು ವರ್ಷಕ್ಕೆ ಅವರು ಪ್ರಕಟಿಸಿದ ಸಂಶೋಧನಾ ಲೇಖನಗಳು ಇಪ್ಪತ್ತಾರು. ಪಕ್ಕದ ಕೋಣೆಯವರದ್ದು ಇನ್ನೂರು ದಾಟಿತ್ತು. ಅದಕ್ಕೇ ಅವರನ್ನು ಇನ್ನೂರರ ಸರ್ ಎನ್ನುತ್ತಿದ್ದರು. ಇನ್ನೂರರ ಸರ್ ಕೆಟ್ಟವರಲ್ಲ, ಸೋಮಾರಿಯಂತೂ ಅಲ್ಲವೇ ಅಲ್ಲ. ಒಂದು ಬಟ್ಟೆಯಲ್ಲಿ ಐದು ಮಕ್ಕಳಿಗೆ ಅಂಗಿ ಹೊಲಿದು ಮುಗಿಸುವ ಜಾಣ ದರ್ಜಿಯ ಹಾಗೆ, ಒಂದು ಪ್ರಯೋಗದಿಂದ ಐದು ಲೇಖನ ತೆಗೆಯುವುದು ಅವರಿಗೆ ಕರಗತವಾಗಿತ್ತು. ಮೇಡಂ ಒಂದು ಲೇಖನಕ್ಕೆ ಕೊನೆಯ ಚುಕ್ಕೆ ಇಡುವಷ್ಟರಲ್ಲಿ ಅವರು ಎರಡು ದೇಶದಲ್ಲಿ ಭಾಷಣ ಮಾಡಿ ಬಂದಿರುತ್ತಿದ್ದರು.

ಈಗ ಪೀಕಲಾಟಕ್ಕೆ ಬಂದದ್ದು ಇದೇ. ವಿಭಾಗದ ಮುಖ್ಯಸ್ಥರು ನಿವೃತ್ತರಾಗುತ್ತಿದ್ದರು. ಆ ಜಾಗಕ್ಕೆ ಇದ್ದವರು ಇಬ್ಬರೇ, ಮೇಡಂ ಮತ್ತು ಇನ್ನೂರರ ಸರ್. ಸರ್ ಮುಖ್ಯಸ್ಥರಾದರೆ ಎರಡು ಪ್ರಯೋಗಾಲಯ ಸೇರಿ ಒಂದಾಗುತ್ತದೆ, ಮೂಲೆ ಕೋಣೆಯ ಗೋಡೆ ಒಡೆದು ಅದು ಸಭೆಯ ಕೋಣೆಯಾಗುತ್ತದೆ, ಮೇಡಂನ ಹುಡುಗಿಯರು ಬೇರೆಯವರ ಕೈಕೆಳಗೆ ಅವಸರದ ಕೆಲಸ ಕಲಿಯುತ್ತಾರೆ. ಮೇಡಂಗೆ ಕುರ್ಚಿಯ ಆಸೆ ಇರಲಿಲ್ಲ. ತಮ್ಮ ಪಾಡಿಗೆ ಮೂರು ಮೂರು ಸಲ ಮಾಡಿ ನೋಡುವ ಆ ಕೋಣೆ ಉಳಿಯಬೇಕಿತ್ತು. ಅದು ಉಳಿಯಲು ಇದ್ದ ದಾರಿ ಮಾತ್ರ ಆ ಕುರ್ಚಿಯೊಂದೇ.

ಮೇಡಂ ಇದ್ದದ್ದು ಅಕ್ಕನ ಮನೆಯ ಮಾಳಿಗೆಯಲ್ಲಿ. ಕೆಳಗೆ ಅಕ್ಕನ ಹೊಲಿಗೆ ಅಂಗಡಿ. ಅಕ್ಕ ಹೊಲಿಯುತ್ತಿದ್ದರು, ಭಾವ ಇಸ್ತ್ರಿ ಮಾಡುತ್ತಿದ್ದರು, ಜೊತೆಗೆ ಊರಿನ ಸಮಾಚಾರಕ್ಕೂ ಇಸ್ತ್ರಿ ಹಾಕಿ ಮಡಿಚಿ ಗಿರಾಕಿಗಳಿಗೆ ಹಂಚುತ್ತಿದ್ದರು. ಶಾಲೆಯ ಸಮವಸ್ತ್ರ, ಪರದೆ, ದಿಂಬಿನ ಗವಸು, ಸಂಸ್ಥೆಯವರ ಬಿಳಿ ಕೋಟು, ಯಾವುದಕ್ಕೂ ಅಕ್ಕ ಇಲ್ಲ ಎನ್ನುತ್ತಿರಲಿಲ್ಲ. ಹೊಲಿದದ್ದೆಲ್ಲದರ ಒಳಮೂಲೆಯಲ್ಲಿ ಕೆಂಪು ದಾರದ ಒಂದು ಪುಟ್ಟ ಗಂಟು ಹಾಕುವುದು ಅವರ ಗುರುತು. ಸುಮಾರು ಹತ್ತು ವರ್ಷದಿಂದ ಒಬ್ಬ ಸರಬರಾಜಿನವನು ಬಂದು ದಪ್ಪ ಕಪ್ಪು ಬಟ್ಟೆಯ ಉದ್ದನೆ ಗವಸುಗಳನ್ನು ಹೊಲಿಸಿಕೊಂಡು ಹೋಗುತ್ತಿದ್ದ. ಮೇಲೊಂದು ಸೀಳು, ಕೆಳಗೆ ಬಾಯಿ. ಅದೇನಕ್ಕೆ ಎಂದು ಅಕ್ಕ ಕೇಳಿದ್ದಕ್ಕೆ, "ಗೊತ್ತಿಲ್ಲ ಅಕ್ಕಾ, ಅಳತೆ ಕೊಟ್ಟಿದಾರೆ, ಅಷ್ಟೇ" ಎಂದಿದ್ದ. ಯಾವುದೋ ಯಂತ್ರಕ್ಕಿರಬೇಕು ಎಂದು ಅಕ್ಕ, ಗಿಳಿ ಪಂಜರಕ್ಕೆ ಎಂದು ಭಾವ. ಆ ಬಟ್ಟೆಯ ಕಪ್ಪು ಜುಂಗು ಮನೆಯಲ್ಲೆಲ್ಲ ಹಾರಾಡಿ ಮೇಡಂನ ಬಿಳಿ ಕೋಟಿಗೆ ಅಂಟುತ್ತಿತ್ತು. ಅವರು ದಿನಾ ಬೆಳಿಗ್ಗೆ ಅದನ್ನು ಬಿಡಿಸಿಕೊಳ್ಳುತ್ತ ಗೊಣಗುತ್ತ ಕೆಲಸಕ್ಕೆ ಹೋಗುತ್ತಿದ್ದರು.

ಮುಖ್ಯಸ್ಥರ ಆಯ್ಕೆಗೆಂದು ಸಂಸ್ಥೆಯ ಗ್ರಂಥಾಲಯದವರು ಇಬ್ಬರ ಲೇಖನಗಳ ಲೆಕ್ಕ ತೆಗೆದರು. ಎಷ್ಟು ಬರೆದಿದ್ದಾರೆ ಎಂಬುದಷ್ಟೇ ಅಲ್ಲ, ಬರೆದದ್ದನ್ನು ಪ್ರಪಂಚದ ಬೇರೆ ವಿಜ್ಞಾನಿಗಳು ತಮ್ಮ ಲೇಖನಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬುದೂ ಬೇಕಿತ್ತು. ಲೆಕ್ಕ ಹೊರಬಿದ್ದ ದಿನ ನಿರ್ದೇಶಕರು ತಾವೇ ಮೆಟ್ಟಿಲು ಹತ್ತಿ ಮೂಲೆ ಕೋಣೆಗೆ ಬಂದರು. ಅವರು ಮೆಟ್ಟಿಲು ಹತ್ತಿದ್ದನ್ನು ಅದಕ್ಕೆ ಮೊದಲು ಯಾರೂ ನೋಡಿರಲಿಲ್ಲ.

"ಏನ್ ಮೇಡಂ, ಇಷ್ಟು ದೊಡ್ಡ ಸುದ್ದಿನ ಬಚ್ಚಿಟ್ಕೊಂಡು ಕೂತಿದೀರಲ್ಲ. ನಿಮ್ಮ ಒಂದು ಲೇಖನ ಏಳುನೂರಕ್ಕೂ ಜಾಸ್ತಿ ಸಲ ಉಲ್ಲೇಖ ಆಗಿದೆ. ಈ ಸಂಸ್ಥೆ ಹುಟ್ಟಿದಾಗಿನಿಂದ ಯಾರದ್ದೂ ಇಷ್ಟಾಗಿಲ್ಲ. ಇನ್ನೂರರ ಸರ್ ದು ಎಲ್ಲಾ ಸೇರಿಸಿದ್ರೂ ಇದರ ಹತ್ತಿರ ಬರಲ್ಲ."

"ತಡೀರಿ ಸರ್. ಯಾವ ಲೇಖನ?"

ನಿರ್ದೇಶಕರು ಹೇಳಿದರು. ಮೇಡಂನ ಕೈಯಲ್ಲಿದ್ದ ಸೀಸೆ ಕೆಳಗೆ ಬೀಳಲಿಲ್ಲ, ಅಷ್ಟರಮಟ್ಟಿಗೆ ಅವರ ಅಭ್ಯಾಸ ಗಟ್ಟಿ. ಆದರೆ ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಕೂತುಬಿಟ್ಟರು. ಯಾಕೆಂದರೆ ಆ ಲೇಖನ ತಪ್ಪು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹದಿನಾಲ್ಕು ವರ್ಷದ ಹಿಂದಿನ ಮಾತು. ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ ಒಂದು ಔಷಧವನ್ನು ಮೇಡಂ ತಮ್ಮ ಜೀವಕೋಶಗಳಿಗೆ ಹಾಕಿ ನೋಡುತ್ತಿದ್ದರು. ಮೊದಲ ದಿನ ಜೀವಕೋಶಗಳು ಸಾಲುಸಾಲಾಗಿ ಸತ್ತವು. ಎರಡನೇ ದಿನ ಅದೇ ಬಾಟಲಿಯಿಂದ ಅಷ್ಟೇ ಔಷಧ ಹಾಕಿದರೆ ಅರ್ಧಕ್ಕರ್ಧ ಬದುಕಿಕೊಂಡವು. ಮೂರನೇ ದಿನ ಯಾವುದಕ್ಕೂ ಔಷಧದ ಲಕ್ಷ್ಯವೇ ಇಲ್ಲ. ಈ ಜಾತಿಯ ಜೀವಕೋಶ ಎರಡೇ ದಿನದಲ್ಲಿ ಔಷಧಕ್ಕೆ ಬಗ್ಗದೆ ಮೊಂಡಾಗುತ್ತದೆ ಎಂದು ಅವರು ತೀರ್ಮಾನಿಸಿದರು. ನೇಮದಂತೆ ಮೂರು ಸಲ ಮಾಡಿ ನೋಡಿದರು. ಮೂರು ಸಲವೂ ಅದೇ ಬಂತು. ಲೇಖನ ಒಳ್ಳೆಯ ಪತ್ರಿಕೆಯಲ್ಲಿ ಅಚ್ಚಾಗಿ ಸದ್ದು ಮಾಡಿತು.

ಬೇರೆ ಊರಿನ ಪ್ರಯೋಗಾಲಯಗಳಲ್ಲಿ ಮಾತ್ರ ಹಾಗಾಗಲಿಲ್ಲ. ಅಲ್ಲೆಲ್ಲ ಜೀವಕೋಶಗಳು ಮೂರನೇ ದಿನವೂ ತೆಪ್ಪಗೆ ಸತ್ತವು. ಎರಡು ವರ್ಷ ಎಲ್ಲರೂ ತಲೆ ಕೆರೆದುಕೊಂಡ ಮೇಲೆ, ಯಾವುದೋ ದೂರದ ದೇಶದವರು ಮೇಡಂನ ಲೇಖನವನ್ನು ಸಾಲುಸಾಲು ಓದಿ, ನಡುವೆ ಇದ್ದ ಒಂದು ವಾಕ್ಯದ ಮೇಲೆ ಬೆರಳಿಟ್ಟರು. ಔಷಧದ ಬಾಟಲಿಯನ್ನು ಪೂರ್ವದ ಕಿಟಕಿಯ ಪಕ್ಕದ ಮೇಜಿನ ಮೇಲೆ ಇಡಲಾಗಿತ್ತು, ಬೆಳಗಿನ ಬಿಸಿಲು ಅದರ ಮೇಲೆ ಬೀಳುತ್ತಿತ್ತು ಎಂಬ ವಾಕ್ಯ. ಅವರೂ ಬಾಟಲಿಯನ್ನು ಬಿಸಿಲಿಗಿಟ್ಟು ನೋಡಿದರು. ಜೀವಕೋಶ ಮೊಂಡಾಗಿರಲಿಲ್ಲ, ಔಷಧವೇ ಬಿಸಿಲಿಗೆ ಸತ್ವ ಕಳೆದುಕೊಂಡು ನೀರಾಗಿತ್ತು. ಮೇಡಂ ಮೂರು ಸಲ ಮಾಡಿದ್ದರು ನಿಜ, ಮೂರು ಸಲವೂ ಅದೇ ಕಿಟಕಿಯ ಪಕ್ಕ.

ತಪ್ಪು ನನ್ನದೇ ಎಂದು ಮೇಡಂ ಆಗಲೇ ಪತ್ರಿಕೆಗೆ ಬರೆದು ಒಪ್ಪಿಕೊಂಡರು. ಬರೆದು ಕಳಿಸಿದ ದಿನ ಮಾಳಿಗೆಯಲ್ಲಿ ಕೂತು ಅತ್ತರು ಕೂಡ. ಆಮೇಲೆ ಆ ಔಷಧವನ್ನು ಮುಟ್ಟಲಿಲ್ಲ. ಓದುವ ಪತ್ರಿಕೆಯಲ್ಲಿ ಅದರ ಹೆಸರು ಕಂಡರೆ ಪುಟ ತಿರುವಿಬಿಡುತ್ತಿದ್ದರು, ಹಳೇ ಸಾಲಗಾರ ಎದುರು ಬಂದರೆ ರಸ್ತೆಯ ಆಚೆ ಬದಿಗೆ ಹೋಗುವವರ ಹಾಗೆ. ಬಿಸಿಲು ಬೀಳುವ ಮೇಜಿನ ಮೇಲೆ ಒಂದು ಗಿಡದ ಕುಂಡ ಇಟ್ಟರು. ಬಿಸಿಲಿನಿಂದ ಆ ಕೋಣೆಯಲ್ಲಿ ಉದ್ಧಾರವಾದದ್ದು ಅದೊಂದೇ.

ಇತ್ತ ಅಕ್ಕನ ಅಂಗಡಿಯಲ್ಲಿ ಸಂಭ್ರಮ. ಸಂಸ್ಥೆಯ ಕೋಟು ಇಸ್ತ್ರಿಗೆ ಕೊಡಲು ಬಂದ ಯಾರೋ ಭಾವನ ಕಿವಿಗೆ ಸುದ್ದಿ ಹಾಕಿದ್ದರು. ಭಾವನ ಕಿವಿಗೆ ಹಾಕುವುದೂ ಒಂದೇ, ಡಂಗುರ ಸಾರಿಸುವುದೂ ಒಂದೇ. ಮೇಡಂ ಸಂಜೆ ಮನೆಗೆ ಬರುವಷ್ಟರಲ್ಲಿ ಎದುರು ಅಂಗಡಿಯವರು, ಔಷಧಿ ಅಂಗಡಿಯವರು, ಹಾಲಿನವರು ಎಲ್ಲ ನಿಂತು ಅಭಿನಂದನೆ ಹೇಳಿದರು.

"ನಮ್ಮ ನಾದಿನಿ ಅಂದ್ರೆ ಸುಮ್ನೆ ಅಲ್ಲ. ಏಳುನೂರು ವಿಜ್ಞಾನಿಗಳು ಹೊಗಳಿದಾರೆ," ಎಂದು ಭಾವ ಒಳಗಿನಿಂದಲೇ ಕೂಗಿದರು.

"ಅದೇನು ಪುಟ್ಟಿ, ಉಲ್ಲೇಖ ಅಂದ್ರೆ?" ಎಂದು ಅಕ್ಕ ಯಂತ್ರ ನಿಲ್ಲಿಸಿ ಕೇಳಿದರು. ಐವತ್ತಮೂರು ವರ್ಷದ ವಿಜ್ಞಾನಿಯನ್ನು ಪುಟ್ಟಿ ಎನ್ನುವ ಹಕ್ಕು ಪ್ರಪಂಚದಲ್ಲಿ ಅವರೊಬ್ಬರಿಗೇ ಉಳಿದಿತ್ತು.

"ನಾನು ಮಾಡಿದ್ದನ್ನ ನೋಡಿ ಯಾರಾದ್ರೂ ಮುಂದಿನ ಕೆಲಸ ಮಾಡಿದ್ರೆ, ಇದು ಇಂಥವರಿಂದ ತಿಳೀತು ಅಂತ ನನ್ನ ಹೆಸರು ಹಾಕ್ತಾರೆ. ಅದೇ ಉಲ್ಲೇಖ."

"ಎಷ್ಟು ಮರ್ಯಾದಸ್ಥರಪ್ಪ ನಿಮ್ಮೋರು. ನನ್ನ ಕತ್ತರಿಕೆ ನೋಡಿ ಈ ಬೀದೀಲಿ ಎಷ್ಟು ಜನ ಕದ್ದು ಹೊಲಿದಿದಾರೆ. ಒಬ್ರಾದ್ರೂ ನನ್ನ ಹೆಸರು ಹೇಳಿದಾರಾ?"

ಮೇಡಂ ಮೆಟ್ಟಿಲ ಮೇಲೆ ಕೂತರು. ಅಕ್ಕ ತಮ್ಮ ಮಡಿಲಲ್ಲಿದ್ದ ಕಪ್ಪು ಗವಸುಗಳ ಗುಡ್ಡೆಯನ್ನು ಪಕ್ಕಕ್ಕೆ ಸರಿಸಿ ತಂಗಿಯ ಮುಖ ನೋಡಿದರು. ಆಗ ಎಲ್ಲವೂ ಹೊರಬಂತು, ಕಿಟಕಿ, ಬಾಟಲಿ, ಬಿಸಿಲು, ದೂರದ ದೇಶದವರು.

"ಅಂದ್ರೆ ಏಳುನೂರು ಜನನೂ ನೀನು ತಪ್ಪು ಅಂತಾನಾ ಬರೆದಿರೋದು?" ಅಕ್ಕನ ಧ್ವನಿ ಇಳಿಯಿತು.

"ಎಲ್ಲಾ ಓದಿಲ್ಲ ಅಕ್ಕ. ಅವತ್ತಿನ ಕಾಲಕ್ಕೆ ಮೊದಲ ನಲವತ್ತು ಓದಿದೆ. ಎಲ್ಲರೂ ಅದನ್ನೇ ಬರೆದಿದ್ರು. ಆಮೇಲೆ ಓದೋ ಧೈರ್ಯ ಬರ್ಲಿಲ್ಲ."

"ಎಲ್ಲಾದಕ್ಕೂ ತಡೀರಿ ತಡೀರಿ, ಇನ್ನೊಂದ್ಸಲ ನೋಡೋಣ ಅನ್ನೋಳು, ಇದನ್ನ ಮಾತ್ರ ಅರ್ಧಕ್ಕೇ ಬಿಟ್ಟೆಯಲ್ಲ."

ಭಾವ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ಬಾಗಿಲ ಕಡೆ ನೋಡಿದರು. ಬೀದಿಗೆಲ್ಲ ಹಂಚಿದ ಸುದ್ದಿಯನ್ನು ವಾಪಸ್ ಪಡೆಯುವ ಉಪಾಯ ಅವರಿಗೆ ಹೊಳೆಯಲಿಲ್ಲ. "ಏಳುನೂರು ಜನ ಬೈದಿದಾರೆ ಅಂದ್ರೂ ಸಣ್ಣ ಮಾತೇನಲ್ಲ," ಎಂದರು ಕೊನೆಗೆ. "ನನ್ನನ್ನ ಬಯ್ಯೋದು ಇವಳೊಬ್ಬಳೇ."

ಮೇಡಂಗೆ ನಗು ಬಂತು. ನಗುವಿನ ಜೊತೆ ಕಣ್ಣಲ್ಲಿ ನೀರೂ ಬಂತು, ಜುಂಗು ಹೊಕ್ಕಿತೆಂದು ಒರೆಸಿಕೊಂಡರು.

ಮರುದಿನ ಅವರು ನಿರ್ದೇಶಕರ ಕೋಣೆಗೆ ಹೋಗಿ ವಿಷಯ ಬಿಚ್ಚಿಟ್ಟರು. ನಿರ್ದೇಶಕರಿಗೆ ಅದು ಗೊತ್ತಿರಲಿಲ್ಲ, ಅವರು ಆಮೇಲೆ ಬಂದವರು. ಕೇಳಿದ ಮೇಲೆ ಗೊತ್ತಾಗದಿದ್ದರೇ ಚೆನ್ನಾಗಿತ್ತು ಎಂಬ ಮುಖ ಮಾಡಿದರು.

"ನೋಡಿ ಮೇಡಂ, ಸಮಿತಿಯವರು ಸಂಖ್ಯೆ ನೋಡ್ತಾರೆ. ಸಂಖ್ಯೆ ಹಿಂದೆ ಹೋಗೋಷ್ಟು ಪುರುಸೊತ್ತು ಯಾರಿಗಿದೆ? ನೀವು ಸುಳ್ಳು ಹೇಳ್ಬೇಡಿ. ಸುಮ್ನಿರಿ, ಅಷ್ಟೇ. ನಿಮ್ಮ ಕೋಣೆ ಉಳಿಯತ್ತೆ."

ನಿರ್ದೇಶಕರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು, ಅದೇ ಕಷ್ಟವಾಗಿದ್ದು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವರ ಹಾಗೆ ಮೇಡಂ ಒಂದು ವಾರ ಓಡಾಡಿದರು. ಸುಮ್ಮನಿದ್ದರೆ ಕೋಣೆ ಸಿಗುತ್ತದೆ. ಆ ಕೋಣೆಯಲ್ಲಿ ಹುಡುಗಿಯರಿಗೆ ಅವರು ದಿನಾ ಹೇಳುತ್ತಿದ್ದುದೇನು? ಬಂದದ್ದನ್ನು ಬಂದ ಹಾಗೆ ಬರೆಯಿರಿ ಎಂದು. ಒಂದು ದಿನವಂತೂ ಸುಮ್ಮನೆ ಇದ್ದುಬಿಡೋಣ ಎಂದು ಗಟ್ಟಿ ಮನಸ್ಸು ಮಾಡಿ, ಆ ಖುಷಿಗೆ ಹುಡುಗಿಯರಿಗೆಲ್ಲ ಚಹಾ ಕೊಡಿಸಿದರು. ಆಮೇಲೆ ತಮ್ಮ ಲೋಟದ ಚಹಾವನ್ನು ಮಾತ್ರ ಕುಡಿಯದೆ ತೊಟ್ಟಿಗೆ ಚೆಲ್ಲಿದರು.

ಆ ಸಂಸ್ಥೆಯಲ್ಲಿ ಆಯ್ಕೆ ಬಾಗಿಲು ಮುಚ್ಚಿ ನಡೆಯುವುದಿಲ್ಲ. ಅಭ್ಯರ್ಥಿಗಳು ದೊಡ್ಡ ಸಭಾಂಗಣದಲ್ಲಿ ಸಮಿತಿಯ ಮುಂದೆ ತಮ್ಮ ಕೆಲಸ ವಿವರಿಸಬೇಕು, ಹಿಂದೆ ಕೂತು ಯಾರು ಬೇಕಾದರೂ ಕೇಳಬಹುದು. ಸಮಿತಿಗೆ ಹೊರಗಿನ ಸದಸ್ಯೆಯಾಗಿ ಬಂದಿದ್ದವರು ರಸ್ತೆಯ ಆಚೆಗಿನ ಆಸ್ಪತ್ರೆಯ ಹಿರಿಯ ವೈದ್ಯೆ. ಸಂಸ್ಥೆಗೂ ಆಸ್ಪತ್ರೆಗೂ ನಡುವೆ ಇರುವುದು ಒಂದು ರಸ್ತೆ, ಎರಡು ಗೇಟು. ಆದರೂ ಸೀಸೆಯ ಜೀವಕೋಶ ನೋಡುವವರು ರೋಗಿ ನೋಡುವವರ ಕಡೆಗೆ, ಅವರು ಇವರ ಕಡೆಗೆ ದಾಟಿ ಬಂದದ್ದು ಕಡಿಮೆ. ಎರಡೂ ಕಡೆಯವರಿಗೆ ದೊಡ್ಡ ದೊಡ್ಡ ಕೆಲಸವಿತ್ತು ನೋಡಿ.

ಮೊದಲು ಇನ್ನೂರರ ಸರ್ ಮಾತಾಡಿದರು. ಬಣ್ಣಬಣ್ಣದ ಚಿತ್ರ, ಏರುವ ಗೆರೆ, ಒಂದೆರಡು ಜೋಕು, ಎಲ್ಲ ಲಕ್ಷಣವಾಗಿತ್ತು. ಮುಗಿದ ಮೇಲೆ ವೈದ್ಯೆ ಕನ್ನಡಕ ಏರಿಸಿ ಕೇಳಿದರು.

"ನಿಮ್ಮ ಇನ್ನೂರರಲ್ಲಿ ತಪ್ಪು ಅಂತ ಆಮೇಲೆ ಗೊತ್ತಾಗಿದ್ದು ಎಷ್ಟು?"

"ಒಂದೂ ಇಲ್ಲ ಡಾಕ್ಟ್ರೇ," ಎಂದರು ಸರ್ ಹೆಮ್ಮೆಯಿಂದ.

"ಬೇರೆಯವರು ತಾವೂ ಮಾಡಿ ನೋಡಿದ್ದು ಎಷ್ಟನ್ನ?"

ಸರ್ ಮನಸ್ಸಿನಲ್ಲೇ ಎಣಿಸತೊಡಗಿದರು. ಯೋಚಿಸಿದರು. ಅವರು ಪ್ರಾಮಾಣಿಕ ಮನುಷ್ಯ, ಅದನ್ನೂ ಹೇಳಬೇಕು. "ನನಗೆ ಗೊತ್ತಿರೋ ಹಾಗೆ ಯಾರೂ ಮಾಡಿ ನೋಡಿಲ್ಲ," ಎಂದು ತಾವೇ ನಕ್ಕು ಬಂದು ಕೂತರು.

ತಡೀರಿ ಮೇಡಂ ಎದ್ದರು. ನಿರ್ದೇಶಕರು ಕಣ್ಣಲ್ಲೇ ಸುಮ್ಮನಿರಿ ಎಂದರು. ಹಿಂದಿನ ಸಾಲಿನಲ್ಲಿ ಅವರ ಹುಡುಗಿಯರು ಕೈ ಕೈ ಹಿಡಿದು ಕೂತಿದ್ದರು. ಮೇಡಂ ಅವರನ್ನು ನೋಡಿದರು, ತೀರ್ಮಾನ ಅಲ್ಲೇ ಆಗಿಹೋಯಿತು. ಬೇರೆ ಇಪ್ಪತ್ತೈದು ಲೇಖನಗಳ ಮಾತು ಮುಗಿಸಿ ಇಪ್ಪತ್ತಾರನೆಯದಕ್ಕೆ ಬಂದರು.

"ಇದು ಏಳುನೂರು ಸಲ ಉಲ್ಲೇಖ ಆಗಿರೋ ಲೇಖನ. ಇದರ ತೀರ್ಮಾನ ತಪ್ಪು. ಜೀವಕೋಶ ಮೊಂಡಾಯ್ತು ಅಂದ್ಕೊಂಡೆ. ಔಷಧಿ ಬಿಸಿಲಿಗೆ ಕೆಟ್ಟಿತ್ತು. ಅದನ್ನ ಕಂಡುಹಿಡಿದೋರು ಬೇರೆಯವರು. ಈ ಉಲ್ಲೇಖಗಳಲ್ಲಿ ನಾನು ಓದಿದ್ದಷ್ಟೂ ಆ ತಪ್ಪನ್ನ ತೋರಿಸೋದಕ್ಕೇ ಬಂದಿರೋದು. ಇದನ್ನ ನನ್ನ ಹೆಚ್ಚುಗಾರಿಕೆ ಅಂತ ಲೆಕ್ಕಕ್ಕೆ ತಗೋಬೇಡಿ."

ನಿರ್ದೇಶಕರು ಎದುರಿಗಿದ್ದ ನೀರಿನ ಲೋಟವನ್ನು ಮೊದಲ ಸಲ ನೋಡುತ್ತಿರುವವರಂತೆ ನೋಡತೊಡಗಿದರು. ವೈದ್ಯೆ ಮಾತ್ರ ಆಸಕ್ತಿಯಿಂದ ಮುಂದಕ್ಕೆ ಬಾಗಿದರು.

"ಆ ಕಿಟಕಿ ವಿಷಯ ಲೇಖನದಲ್ಲಿ ಯಾಕೆ ಹಾಕಿದ್ರಿ? ಯಾರೂ ಹಾಕಲ್ಲ ಅದನ್ನ."

"ಪತ್ರಿಕೆಯವರೂ ತೆಗೀರಿ ಅಂದ್ರು. ಕಿಟಕಿ ಇತ್ತು, ಬಿಸಿಲು ಬೀಳ್ತಿತ್ತು. ಇದ್ದಿದ್ದನ್ನ ಬರೆದೆ. ನಾನು ಮಾಡಿದ ಹಾಗೇ ಇನ್ನೊಬ್ರು ಮಾಡಿ ನೋಡ್ಬೇಕಾದ್ರೆ ಎಲ್ಲಾನೂ ಹೇಳ್ಬೇಕಲ್ಲ."

"ಏಳುನೂರರಲ್ಲಿ ಎಷ್ಟು ಓದಿದೀರಿ?"

ಮೇಡಂ ತಲೆ ತಗ್ಗಿಸಿದರು. "ಮೊದಲ ನಲವತ್ತು."

"ನಂದು ನೂರಾ ಚಿಲ್ಲರೇಲಿ ಎಲ್ಲೋ ಇದೆ. ನೀವು ಅಲ್ಲೀವರೆಗೂ ಬರ್ಲಿಲ್ಲ." ವೈದ್ಯೆ ಎದ್ದು ಚೀಲ ಹೆಗಲಿಗೇರಿಸಿದರು. "ನಿರ್ದೇಶಕರೇ, ನೀವು ಚಹಾ ತರಿಸಿ ಇವರಿಗೆಲ್ಲ ಕೊಡ್ತಿರಿ. ನಾನು ಈ ಮೇಡಂನ ಸ್ವಲ್ಪ ರಸ್ತೆ ದಾಟಿಸ್ಕೊಂಡು ಬರ್ತೀನಿ."

ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಉದ್ದನೆಯ ವಾರ್ಡು. ಎರಡು ಸಾಲು ಹಾಸಿಗೆ, ಒಂದು ಸಾಲಿನ ತಲೆಯ ಕಡೆ ದೊಡ್ಡ ದೊಡ್ಡ ಕಿಟಕಿ. ಬಿಸಿಲು ಹಾಸಿಗೆಗಳ ಮೇಲೆ ಧಾರಾಳವಾಗಿ ಬಿದ್ದಿತ್ತು. ಒಂದೊಂದು ಹಾಸಿಗೆಯ ಪಕ್ಕವೂ ಕಂಬ, ಕಂಬದ ಕೊಕ್ಕೆಗೆ ಡ್ರಿಪ್ ಬಾಟಲಿ. ಅರ್ಧದಷ್ಟು ಬಾಟಲಿಗಳಿಗೆ ಕಪ್ಪು ಮುಸುಕು ಹಾಕಿತ್ತು.

"ನಿಮ್ಮ ಔಷಧಿ," ಎಂದರು ವೈದ್ಯೆ. "ತೊಟ್ಟಿಕ್ಕಿ ಮುಗಿಯೋಕೆ ಅರ್ಧ ದಿನ ಬೇಕು. ಆವಾಗೆಲ್ಲ ಈ ಕಿಟಕಿ ಪಕ್ಕ ಹಾಗೇ ನೇತಾಕ್ತಿದ್ವಿ. ಕೆಲವರಿಗೆ ಹತ್ತೋದು, ಕೆಲವರಿಗೆ ಹತ್ತುತ್ತಿರಲಿಲ್ಲ. ರೋಗ ಮೊಂಡು ಅಂತ ನಾವೂ ಅಂದ್ಕೊಂಡ್ವಿ, ನಿಮ್ಮ ಹಾಗೇ. ನಿಮ್ಮ ಆ ಕಿಟಕಿ ವಾಕ್ಯ, ಅದನ್ನ ಹಿಡಿದು ಆ ದೂರದ ದೇಶದೋರು ಬರೆದಿದ್ದು, ಎರಡೂ ಓದಿದ ಮೇಲೆ ನಮ್ಮಲ್ಲಿ ಹಾಸಿಗೆ ಪ್ರಕಾರ ನೋಡಿದೆ. ಹತ್ತದೇ ಇದ್ದೋರೆಲ್ಲ ಹೆಚ್ಚಾಗಿ ಕಿಟಕಿ ಸಾಲಿನವರು. ಈಗ ಈ ಔಷಧಿ ಕೊಡೋ ಕಡೆಯೆಲ್ಲ ಮುಸುಕು ಹಾಕ್ತಾರೆ. ನಿಮ್ಮನ್ನ ಉಲ್ಲೇಖ ಮಾಡಿರೋ ಉಳಿದ ಆರುನೂರು ಚಿಲ್ಲರೆ ಲೇಖನದಲ್ಲಿ ಹೆಚ್ಚಿನವು ಇದರ ಬಗ್ಗೇನೇ. ತಪ್ಪು ಮಾಡಿದೋರು ಬೇಕಾದಷ್ಟು ಜನ ಇದಾರೆ ಮೇಡಂ. ಇನ್ನೊಬ್ರು ಹುಡುಕಿ ತಿದ್ದೋ ಹಾಗೆ ಮಾಡಿದೋರು ಕಡಿಮೆ."

ಹತ್ತಿರದ ಕಿಟಕಿಯ ಹಾಸಿಗೆಯಲ್ಲಿ ತಲೆಗೆ ಹಳದಿ ಟೋಪಿ ಹಾಕಿಕೊಂಡ ಹೆಂಗಸೊಬ್ಬರು ಬೀದಿ ನೋಡುತ್ತ ಕೂತಿದ್ದರು. ಮೇಡಂ ಅವರ ಬಾಟಲಿಯ ಮುಸುಕಿನತ್ತ ಕೈ ಚಾಚಿದರು.

"ಅದನ್ನ ತೆಗೀಬೇಡಿ ಅಮ್ಮ," ಎಂದರು ಆ ಹೆಂಗಸು. "ಅದಕ್ಕೆ ಬಿಸಿಲು ಆಗಿಬರಲ್ವಂತೆ. ನನಗೆ ಬಿಸಿಲಿಲ್ದೆ ಆಗಲ್ಲ. ಮೊದಲಾಗಿದ್ರೆ ಪರದೆ ಎಳೆದು ಕತ್ತಲೇಲಿ ಕೂರಿಸೋರೇನೋ. ಈಗ ಅದರ ಪಾಡಿಗೆ ಅದು ಮುಸುಕು ಹಾಕ್ಕೊಂಡಿರತ್ತೆ, ನನ್ನ ಪಾಡಿಗೆ ನಾನು ಹೊರಗೆ ನೋಡ್ಕೊಂಡಿರ್ತೀನಿ."

"ತೆಗೆಯಲ್ಲ," ಎಂದರು ಮೇಡಂ. ಅಂಚನ್ನಷ್ಟೇ ಎರಡು ಬೆರಳಲ್ಲಿ ಹಿಡಿದು ಮಡಿಚಿ ನೋಡಿದರು. ದಪ್ಪ ಕಪ್ಪು ಬಟ್ಟೆ. ಮೇಲೊಂದು ಸೀಳು, ಕೊಕ್ಕೆ ಹೊರಬರಲು. ಕೆಳಗೆ ಬಾಯಿ, ನಳಿಕೆ ಇಳಿಯಲು. ಒಳಮೂಲೆಯಲ್ಲಿ ಕೆಂಪು ದಾರದ ಒಂದು ಪುಟ್ಟ ಗಂಟು.

ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದವರ ಕಥೆ ಕೇಳಿ ನಾವೆಲ್ಲ ನಕ್ಕಿದ್ದೇವೆ. ಮೇಡಂ ಆ ಗಂಟನ್ನು ಹಿಡಿದು ನಿಂತಲ್ಲೇ ನಕ್ಕರು. ಹನ್ನೆರಡು ವರ್ಷ ಎದೆಯ ಮೇಲೆ ಕೂತಿದ್ದ ಕಲ್ಲೊಂದು ಉರುಳಿ ಹೋಯಿತು, ಅವರಿಗೆ ಅಷ್ಟು ಸಂತೋಷವಾಗಿ ಎಷ್ಟೋ ಕಾಲವಾಗಿತ್ತು. ಟೋಪಿಯ ಹೆಂಗಸು ವೈದ್ಯೆಯ ಕಡೆ ನೋಡಿ, ಇವರು ಯಾವ ವಾರ್ಡಿನವರು ಎಂದು ಕಣ್ಣಲ್ಲೇ ಕೇಳಿದರು. ಮೇಡಂ ನಗುತ್ತಲೇ ತಮ್ಮ ಕೋಟಿನ ತೋಳಿಗೆ ಅಂಟಿದ್ದ ಕಪ್ಪು ಜುಂಗನ್ನು ತೋರಿಸಿದರು, ಅದರಿಂದ ಯಾರಿಗೂ ಏನೂ ಅರ್ಥವಾಗಲಿಲ್ಲ.

ಸಂಜೆಯ ಹೊತ್ತಿಗೆ ಸಮಿತಿಯ ತೀರ್ಮಾನ ಬಂತು. ಹುಡುಗಿಯರಲ್ಲಿ ಒಬ್ಬಳು ಮೂಲೆ ಕೋಣೆಗೆ ಓಡಿಬಂದು, ಬಾಗಿಲು ಹಿಡಿದು, "ಮೇಡಂ, ಸಿಕ್ತು" ಎಂದಳು. ಮೇಡಂ ಅಭ್ಯಾಸದಂತೆ "ತಡೀರಿ" ಎಂದು ಬಾಯಿ ತೆರೆದರು. ಆಮೇಲೆ ಅದೇನು ಮನಸ್ಸಿಗೆ ಬಂತೋ, ಮಾತನ್ನು ಅಲ್ಲೇ ನುಂಗಿ ಹುಡುಗಿಯನ್ನು ಅಪ್ಪಿಕೊಂಡರು. ಪಕ್ಕದ ಕೋಣೆಯಿಂದ ಇನ್ನೂರರ ಸರ್ ಬಂದು ಕೈ ಕುಲುಕಿ, "ನಂದರಲ್ಲೂ ಒಂದನ್ನ ಆರಿಸಿ ಸರಿಯಾಗಿ ಮಾಡಿ ನೋಡಿ ಮೇಡಂ. ತಪ್ಪು ಅಂತಾದ್ರೆ ನನಗೂ ಒಂದು ಹೆಸರು ಬರತ್ತೆ," ಎಂದರು. ಅವರು ತಮಾಷೆ ಮಾಡಿದರೋ ನಿಜವಾಗಿ ಹೇಳಿದರೋ ಗೊತ್ತಿಲ್ಲ. ಮೇಡಂ ಅಂತೂ ಆಗಲಿ ಎಂದರು.

ಮನೆಗೆ ಬಂದಾಗ ಅಕ್ಕ ಕಪ್ಪು ಬಟ್ಟೆ ಹೊಲಿಯುತ್ತ ಕೂತಿದ್ದರು. ಕೋಣೆ ಉಳಿಯಿತು ಎಂಬ ಸುದ್ದಿ ಹೇಳುವ ಮೊದಲೇ ಮೇಡಂ ಗುಡ್ಡೆಯಿಂದ ಒಂದು ಗವಸು ಎತ್ತಿಕೊಂಡರು. ಭಾವನ ನೀರಿನ ಬಾಟಲಿಯನ್ನು ಇಸ್ತ್ರಿ ಮೇಜಿನ ಮೇಲಿನ ಮೊಳೆಗೆ ನೇತುಹಾಕಿ, ಅದಕ್ಕೆ ಗವಸು ತೊಡಿಸಿದರು. ಸರಿಯಾಗಿ ಕೂತಿತು.

"ಗಿಳಿ ಪಂಜರಕ್ಕಲ್ಲ ಭಾವ. ಇದಕ್ಕೆ," ಎಂದರು. ಆಮೇಲೆ ವಾರ್ಡು, ಕಿಟಕಿ, ಹಳದಿ ಟೋಪಿಯ ಹೆಂಗಸು, ಎಲ್ಲವನ್ನೂ ಹೇಳಿದರು. ಉಸಿರು ಬಿಡದೆ ಹೇಳಿದರು, ಒಂದು ಸಲವೂ ತಡೀರಿ ಎನ್ನಲಿಲ್ಲ.

ಭಾವ ಬಾಗಿಲ ಕಡೆ ಹೆಜ್ಜೆ ಹಾಕಿದ್ದರು, ಬೀದಿಗೆ ಹೊಸ ಸುದ್ದಿ ಬೇಕಿತ್ತು. ಅಕ್ಕ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ಹಾಗೇ ಕೂತಿದ್ದರು.

"ನನ್ನ ಕತ್ತರಿಕೆ ಕದ್ದೋರು ನನ್ನ ಹೆಸರು ಹೇಳ್ಲಿಲ್ಲ ಅಂತ ಬೈತಿದ್ದೆ," ಎಂದರು. "ಇಷ್ಟು ವರ್ಷ ನಾನೇ ನಿನ್ನ ಹೆಸರು ಹೇಳ್ದೆ ಹೊಲಿದಿದೀನಿ ನೋಡು ಪುಟ್ಟಿ."

ಅಕ್ಕ ಸೂಜಿಗೆ ಕೆಂಪು ದಾರ ಪೋಣಿಸಿದರು. ಮೊಳೆಯಿಂದ ಗವಸು ಇಳಿಸಿ, ಒಳಮೂಲೆ ಹೊರಳಿಸಿ, ಇದ್ದ ಗಂಟಿನ ಪಕ್ಕದಲ್ಲಿ ಅಷ್ಟೇ ಗಾತ್ರದ ಇನ್ನೊಂದು ಗಂಟು ಹಾಕಿ ಹಲ್ಲಲ್ಲಿ ದಾರ ಕಡಿದರು.

"ಇದು ನಿಂದು," ಎಂದರು.

ಗುಡ್ಡೆಯಲ್ಲಿ ಇನ್ನೂ ಬೇಕಾದಷ್ಟಿದ್ದವು. ಮೇಡಂ ಕೋಟು ಬಿಚ್ಚಿಟ್ಟು, ಇನ್ನೊಂದು ಸೂಜಿ ಹುಡುಕಿಕೊಂಡು, ಅಕ್ಕನ ಪಕ್ಕ ನೆಲದ ಮೇಲೆ ಕೂತರು.